ಬಾಲಂಗೋಚಿಗಾಗಿ ಒಂದು ಕಾಳಗ

ಡ್ರೋನ್ ಎಂಬ ಮಾತು ಇಂದು ಮದುವೆಮನೆಯ ಛಾಯಾಗ್ರಾಹಕನ ಬಾಯಲ್ಲೂ ಹೊಲಕ್ಕೆ ಔಷಧಿ ಹೊಡೆಸುವ ರೈತನ ಬಾಯಲ್ಲೂ ಸಲೀಸಾಗಿ ಬರುತ್ತದೆ. ಆದರೆ ಎಂಜಿನ್ ಇರುವ ಪುಟ್ಟ ವಿಮಾನವೊಂದನ್ನು ಎರಡು ಉಕ್ಕಿನ ತಂತಿಗಳ ತುದಿಗೆ ಕಟ್ಟಿ, ನಡುವೆ ನಿಂತು ತಾನೂ ಅದರೊಡನೆ ಸುತ್ತುತ್ತ ಹಾರಿಸುವ ಆಟವೊಂದಿದೆ, ಅಂತಹ ಎರಡು ವಿಮಾನಗಳನ್ನು ಒಂದೇ ವೃತ್ತದೊಳಗೆ ಬಿಟ್ಟು ಕಾದಾಡಿಸುವ ಸ್ಪರ್ಧೆಯೂ ಇದೆ ಎಂದರೆ ನನ್ನ ಮೊಮ್ಮಗ ನಂಬಲಿಲ್ಲ. ಹೊಳಲ್ಕೆರೆಯಲ್ಲಿಯೂ ಹೊಸದುರ್ಗದಲ್ಲಿಯೂ ನನ್ನ ತರಗತಿಯಲ್ಲಿ ಕುಳಿತಿದ್ದವರು ನಂಬುತ್ತೀರಿ. ನಿಮ್ಮಲ್ಲಿ ಕೆಲವರ ತೋರುಬೆರಳಿನ ಮೇಲೆ ಪ್ರೊಪೆಲ್ಲರಿನ ಪೆಟ್ಟಿನ ಗುರುತು ಇನ್ನೂ ಉಳಿದಿರಬೇಕು.

ಇದಕ್ಕೆ ಇಂಗ್ಲಿಷಿನಲ್ಲಿ ಕಂಟ್ರೋಲ್ ಲೈನ್ ಕಾಂಬ್ಯಾಟ್ ಎಂದು ಹೆಸರು. ನಮ್ಮ ಹುಡುಗರು ಅದನ್ನು 'ತಂತಿ ವಿಮಾನದ ಜಗಳ' ಎಂದು ಕನ್ನಡಕ್ಕೆ ತಂದುಕೊಂಡಿದ್ದರು. ಪ್ರತಿಯೊಂದು ವಿಮಾನದ ಹಿಂದೆಯೂ ದಾರದ ತುದಿಯಲ್ಲಿ ಕ್ರೇಪ್ ಕಾಗದದ ಉದ್ದನೆಯ ಪಟ್ಟಿಯೊಂದು ಇರುತ್ತದೆ. ಗಾಳಿಪಟದ ಬಾಲಂಗೋಚಿಯೇ ಅದು ಎನ್ನಿ. ಎದುರಾಳಿಯ ಬಾಲಂಗೋಚಿಯನ್ನು ನಮ್ಮ ಪ್ರೊಪೆಲ್ಲರಿನಿಂದ ಕತ್ತರಿಸಬೇಕು, ನಮ್ಮದನ್ನು ಉಳಿಸಿಕೊಳ್ಳಬೇಕು. ಒಂದೊಂದು ಕತ್ತರಿಕೆಗೂ 100 ಅಂಕ. ಪಂದ್ಯದ ಅವಧಿ ನಾಲ್ಕು ನಿಮಿಷ. ವಿಮಾನ ನೆಲದ ಮೇಲೆ ಬಿದ್ದಿರುವ ಹೊತ್ತೆಲ್ಲ ನಮಗೆ ನಷ್ಟದ ಲೆಕ್ಕ. ಎದುರಾಳಿಯ ವಿಮಾನವನ್ನೇ ಗುದ್ದಿ ಉರುಳಿಸಿದರೆ ಮಾತ್ರ ಒಂದು ಅಂಕವೂ ಇಲ್ಲ. ಈ ನಿಯಮ ನನಗೆ ಮೊದಲಿನಿಂದಲೂ ಪ್ರಿಯ. ಹೊಡೆಯಬೇಕಾದುದು ಬಾಲವನ್ನೇ ಹೊರತು ಹಕ್ಕಿಯನ್ನಲ್ಲ.

ವಿಮಾನದ ಕೆಲಸ ಬಹಳ ಸರಳ. ರೆಕ್ಕೆಯೊಳಗೆ ಬೆಲ್‌ಕ್ರ್ಯಾಂಕ್ ಎಂಬ ಮೂರು ಮೂಲೆಯ ಸನ್ನೆ ಇರುತ್ತದೆ. ಕೈಯಲ್ಲಿರುವ ಹಿಡಿಯಿಂದ ಹೊರಟ ಎರಡು ತಂತಿಗಳು ಅದರ ಎರಡು ತುದಿಗಳಿಗೆ ಸೇರುತ್ತವೆ, ಮೂರನೆಯ ತುದಿಯಿಂದ ಒಂದು ಕಡ್ಡಿ ಹಿಂಬದಿಯ ಎಲಿವೇಟರಿಗೆ ಹೋಗುತ್ತದೆ. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದರೆ ವಿಮಾನ ಮೇಲೇರುತ್ತದೆ, ಮುಂದಕ್ಕೆ ಬಾಗಿಸಿದರೆ ಇಳಿಯುತ್ತದೆ. ಎಡ ಬಲಗಳ ಪ್ರಶ್ನೆಯೇ ಇಲ್ಲ, ತಂತಿ ಬಿಟ್ಟರಲ್ಲವೇ ಹೋಗುವುದು! ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಎಂಜಿನ್ 2.5 ಸಿಸಿ, ತಂತಿಯ ಉದ್ದ 15.92 ಮೀಟರ್. ಹದಿನಾರೂ ಅಲ್ಲ, ಹದಿನೈದೂ ಅಲ್ಲ, ಇದೆಂತಹ ವಿಚಿತ್ರ ಸಂಖ್ಯೆ ಎಂದು ನಾನು ಒಂಬತ್ತನೆಯ ತರಗತಿಯಲ್ಲಿ ಕೇಳುತ್ತಿದ್ದೆ. ಎರಡು ಪೈ ಆರ್ ಹಾಕಿ ನೋಡಿ ಎನ್ನುತ್ತಿದ್ದೆ. ಸುತ್ತಳತೆ ಸರಿಯಾಗಿ 100 ಮೀಟರ್ ಬರುತ್ತದೆ. ಹತ್ತು ಸುತ್ತು ಹಾಕಿದರೆ ಒಂದು ಕಿಲೋಮೀಟರ್. ಸುತ್ತಿಗೆ 3.6 ಸೆಕೆಂಡು ಹಿಡಿದರೆ ಗಂಟೆಗೆ 100 ಕಿಲೋಮೀಟರ್ ವೇಗ, ಎರಡು ಸೆಕೆಂಡಾದರೆ 180. ಅರ್ಧ ಕಿಲೋ ತೂಗುವ ವಿಮಾನ ನೂರರ ವೇಗದಲ್ಲಿ ಸುತ್ತಿದರೆ ಕೈಯನ್ನು ಎರಡೂವರೆ ಕಿಲೋ ಭಾರದಷ್ಟು ಎಳೆಯುತ್ತದೆ. ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ, ಹತ್ತು ಕಿಲೋ. ಕೇಂದ್ರಾಭಿಮುಖ ಬಲದ ಪಾಠವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹೋಗದವರು ಒಮ್ಮೆ ಆ ಹಿಡಿಯನ್ನು ಹಿಡಿದರೆ ಮರೆಯುತ್ತಿರಲಿಲ್ಲ. ಹಿಡಿ ಜಾರದಂತೆ ಮಣಿಕಟ್ಟಿಗೆ ಒಂದು ಪಟ್ಟಿಯನ್ನು ಕಟ್ಟುವುದು ಕಡ್ಡಾಯ. ಎಳೆತದ ಲೆಕ್ಕ ತಿಳಿದ ಮೇಲೆ ಅದು ಏಕೆಂದು ಯಾರೂ ಕೇಳುತ್ತಿರಲಿಲ್ಲ.

ಅಮೆರಿಕದ ಒರೆಗಾನ್ ರಾಜ್ಯದ ಜಿಮ್ ವಾಕರ್ ಎಂಬಾತ 1940ರ ಸುಮಾರಿಗೆ ಈ ಪದ್ಧತಿಯನ್ನು 'ಯು-ಕಂಟ್ರೋಲ್' ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದು ಪೇಟೆಂಟನ್ನೂ ಪಡೆದ. ಮುಂದೆ ಪೇಟೆಂಟಿನ ವ್ಯಾಜ್ಯ ನ್ಯಾಯಾಲಯಕ್ಕೆ ಹೋದಾಗ, ಅದೇ ಒರೆಗಾನಿನ ಓಬಾ ಸೇಂಟ್ ಕ್ಲೇರ್ ಎಂಬಾತ ತಾನು ಅದಕ್ಕೂ ಕೆಲವು ವರ್ಷ ಮೊದಲೇ ಹೀಗೆ ಹಾರಿಸಿದ್ದೆನೆಂದು ಸಾಕ್ಷಿ ನುಡಿದ. ಅಲ್ಲಿಗೆ ವಾಕರನ ಹಕ್ಕು ಬಿದ್ದುಹೋಯಿತು. ಮೊದಲು ಕಂಡುಹಿಡಿದವನಿಗೆ ಹಣವೂ ಬರಲಿಲ್ಲ, ಹೆಸರೂ ಅಷ್ಟಾಗಿ ಬರಲಿಲ್ಲ. ಇಂಥವು ನಮ್ಮಲ್ಲಿ ಮಾತ್ರ ನಡೆಯುತ್ತವೆಂದು ತಿಳಿಯುವವರು ಇದನ್ನು ಗಮನಿಸಬೇಕು.

ನನಗೆ ಈ ಹುಚ್ಚು ಹಿಡಿದದ್ದು ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುವಾಗ, ಎನ್.ಸಿ.ಸಿ.ಯ ವಾಯುದಳದಿಂದ. ಎನ್.ಸಿ.ಸಿ. 1948ರಲ್ಲಿಯೂ ಅದರ ವಾಯುವಿಭಾಗ 1950ರಲ್ಲಿಯೂ ಆರಂಭವಾದವು. ವಿಮಾನದ ಮಾದರಿಗಳನ್ನು ಕಟ್ಟುವುದೂ ಹಾರಿಸುವುದೂ ಆ ಕೆಡೆಟ್ಟುಗಳ ಕಲಿಕೆಯ ಒಂದು ಭಾಗ. ವಾಯುಸೈನಿಕ ಶಿಬಿರಗಳಲ್ಲಿ ಇಂದಿಗೂ ಕಂಟ್ರೋಲ್ ಲೈನ್ ಸ್ಪರ್ಧೆ ಇದೆ. ಹಳ್ಳಿಯಿಂದ ಬಂದ ನನಗೆ ಬಾಲ್ಸಾ ಮರದ ತುಂಡನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಬೆಂಡಿಗಿಂತಲೂ ಹಗುರವಾದ ಮರವಿರಬಹುದೆಂಬುದೇ ಸೋಜಿಗವಾಗಿತ್ತು. ಎಂಜಿನುಗಳು ಕಲ್ಕತ್ತೆಯ ಅರೋರಾ. ಡೀಸೆಲ್ ಎಂಜಿನ್ ಎಂದು ಕರೆದರೂ ಅದಕ್ಕೆ ಡೀಸೆಲ್ ಹಾಕುವುದಿಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆ, ಈ ಮೂರರ ಸಮಪಾಕ. ಕಿಡಿ ಹಾರಿಸುವ ಪ್ಲಗ್ ಇಲ್ಲ, ತಲೆಯ ಮೇಲಿನ ತಿರುಪನ್ನು ತಿರುಗಿಸಿ ಒತ್ತಡವನ್ನು ಹೊಂದಿಸಬೇಕು, ಬೆರಳಿನಿಂದ ಪ್ರೊಪೆಲ್ಲರನ್ನು ಚಿಮ್ಮಿಸಬೇಕು. ಒತ್ತಡದ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಳ್ಳದಿದ್ದರೆ ಪ್ರೊಪೆಲ್ಲರ್ ಹಿಂದಕ್ಕೆ ಹೊಡೆಯುತ್ತದೆ.

1979ರಲ್ಲಿ ಜಕ್ಕೂರಿನ ಬಯಲಿನಲ್ಲಿ ನಾನು ಮೊದಲ ಸಲ ಕಾಳಗಕ್ಕೆ ನಿಂತೆ. ನೋಡುವವರಿಗೆ ಅದು ಆಕಾಶದಲ್ಲಿ ನಡೆಯುವ ಜಗಳ. ಆಡುವವರಿಗೆ ಅದು ನೆಲದ ಮೇಲೂ ನಡೆಯುತ್ತದೆ. ಇಬ್ಬರೂ ನಾಲ್ಕೈದು ಹೆಜ್ಜೆ ಅಗಲದ ಒಂದೇ ವೃತ್ತದಲ್ಲಿ ನಿಲ್ಲಬೇಕು. ಎದುರಾಳಿ ಎದುರಿಗಿರುವುದಿಲ್ಲ, ಭುಜಕ್ಕೆ ಭುಜ ತಾಗಿಸಿಕೊಂಡು ಪಕ್ಕದಲ್ಲಿರುತ್ತಾನೆ. ಅವನ ಉಸಿರು ಕೇಳುತ್ತದೆ. ಅವನ ತಂತಿ ನಮ್ಮ ತಂತಿಯ ಮೇಲೆ ಹಾದಾಗ ಕರಕರನೆ ಕಂಪಿಸುತ್ತದೆ, ಆ ಕಂಪನ ಅಂಗೈಗೆ ಬರುತ್ತದೆ. ಅವನು ಲೂಪ್ ಹಾಕಿದರೆ ನಾವೂ ಹಾಕಬೇಕು, ಅವನ ತೋಳಿನಡಿ ನುಸುಳಬೇಕು, ಕೆಲವೊಮ್ಮೆ ಅವನಿಗೇ ದಾರಿ ಬಿಡಬೇಕು. ತಂತಿಗಳು ಹೆಣೆದುಕೊಂಡರೆ ಇಬ್ಬರೂ ಒಬ್ಬರನ್ನೊಬ್ಬರು ಸುತ್ತುವರಿದು ಬಿಡಿಸಿಕೊಳ್ಳಬೇಕು, ಒಬ್ಬನೇ ಎಳೆದಾಡಿದರೆ ಎರಡು ವಿಮಾನಗಳೂ ಮಣ್ಣುಪಾಲು. ಜಗಳವಾಡುತ್ತಿರುವವನ ಸಹಕಾರವಿಲ್ಲದೆ ಜಗಳವೇ ನಡೆಯದಂತಹ ಇನ್ನೊಂದು ಆಟವನ್ನು ನಾನು ಕಂಡಿಲ್ಲ. ತಲೆ ತಿರುಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಕಣ್ಣು ವಿಮಾನದ ಮೇಲಿರುವವರೆಗೆ ತಿರುಗುವುದಿಲ್ಲ, ನೆಲ ನೋಡಿದರೆ ಕೆಟ್ಟಿರಿ. ಮೊದಲ ಸುತ್ತಿನಲ್ಲಿ ನಾನು ಒಂದು ಕತ್ತರಿಕೆಯಿಂದ ಗೆದ್ದೆ. ಎರಡನೆಯ ಸುತ್ತಿನಲ್ಲಿ ಮೈಸೂರಿನಿಂದ ಬಂದಿದ್ದ ಸಣಕಲು ಹುಡುಗನೊಬ್ಬ ನನ್ನ ಬಾಲಂಗೋಚಿಯನ್ನು ಮೂರು ತುಂಡು ಮಾಡಿ, ಆಮೇಲೆ ನನ್ನ ಬೆನ್ನು ತಟ್ಟಿ ಚಹಾ ಕುಡಿಸಿದ. ಆತ ಮುಂದೆ ವಾಯುಪಡೆಗೆ ಸೇರಿದ. ಇಂದಿಗೂ ಯುಗಾದಿಗೆ ಫೋನು ಬರುತ್ತದೆ.

ಬಿ.ಇಡಿ. ಮುಗಿಸಿ 1985ರಲ್ಲಿ ಹೊಳಲ್ಕೆರೆಗೆ ಬಂದಾಗ ನನ್ನ ಟ್ರಂಕಿನ ತಳದಲ್ಲಿ ಒಂದು ಅರೋರಾ ಎಂಜಿನ್ ಇತ್ತು. ನಮ್ಮ ಜಿಲ್ಲೆಯ ಗಾಳಿಯ ವಿಷಯ ನಿಮಗೆ ಹೇಳಬೇಕಾಗಿಲ್ಲ. ಚಿತ್ರದುರ್ಗದ ಜೋಗಿಮಟ್ಟಿಯ ಮೇಲೆ ಆಷಾಢದಲ್ಲಿ ನಿಂತವರಿಗೆ, ಈಗ ಅಲ್ಲಿನ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ಏಕೆ ತಿರುಗುತ್ತಿವೆ ಎಂಬುದಕ್ಕೆ ವಿವರಣೆ ಬೇಡ. ಗಾಳಿಪಟಕ್ಕೆ ಈ ಗಾಳಿ ವರ, ತಂತಿ ವಿಮಾನಕ್ಕೆ ಶಾಪ. ಗಾಳಿ ಬೀಸುವ ದಿಕ್ಕಿನ ಕಡೆಗೆ ವಿಮಾನ ಸುತ್ತಿ ಬಂದಾಗ ಅದು ನಮ್ಮತ್ತ ತಳ್ಳಲ್ಪಟ್ಟು ತಂತಿ ಸಡಿಲವಾಗುತ್ತದೆ. ತಂತಿ ಸಡಿಲವಾದ ಕ್ಷಣದಲ್ಲಿ ಹಿಡಿಯಲ್ಲಿ ಏನೂ ಇರುವುದಿಲ್ಲ, ಹಿಂದೆ ಸರಿದು ಓಡಿ ಅದನ್ನು ಬಿಗಿ ಮಾಡಿಕೊಳ್ಳಬೇಕು. ಆದ್ದರಿಂದ ಲೂಪುಗಳನ್ನೆಲ್ಲ ಗಾಳಿ ನಮ್ಮ ಬೆನ್ನಿಗಿರುವ ಪಾರ್ಶ್ವದಲ್ಲೇ ಹಾಕುವುದು ಈ ಆಟದ ಮೊದಲ ಬುದ್ಧಿ. ನಾವು ಹಾರಿಸುತ್ತಿದ್ದುದು ನಸುಕಿನಲ್ಲಿ ಅಥವಾ ದೀಪಾವಳಿಯ ನಂತರದ ತಣ್ಣನೆಯ ತಿಂಗಳುಗಳಲ್ಲಿ.

ಹೊಳಲ್ಕೆರೆಯಲ್ಲಿ ಹೆಚ್ಚು ಹಾರಿಸಲಾಗಲಿಲ್ಲ. ಮೈದಾನದ ಅಂಚಿನಲ್ಲಿ ವಿದ್ಯುತ್ ತಂತಿ ಹಾದುಹೋಗಿತ್ತು. ಉಕ್ಕಿನ ತಂತಿಯನ್ನು ಹಿಡಿದವನಿಗೆ ಮೇಲೆ ಹಾದಿರುವ ವಿದ್ಯುತ್ ತಂತಿಗಿಂತ ದೊಡ್ಡ ಶತ್ರುವಿಲ್ಲ. ಅದಕ್ಕೆ ತಾಗಿ ಸತ್ತವರು ಹೊರದೇಶಗಳಲ್ಲಿಯೂ ಇದ್ದಾರೆ. ಹುಡುಗರು ಎಷ್ಟು ಗೋಗರೆದರೂ ನಾನು ಒಪ್ಪಲಿಲ್ಲ. ಆ ವರ್ಷಗಳ ವಿದ್ಯಾರ್ಥಿಗಳು ಇಂದಿಗೂ ಸಿಕ್ಕಾಗ ಆಕ್ಷೇಪಿಸುವುದುಂಟು. ಆಕ್ಷೇಪಿಸಲು ಅವರೆಲ್ಲ ಕ್ಷೇಮವಾಗಿದ್ದಾರಲ್ಲ, ನನಗಷ್ಟು ಸಾಕು.

ಹೊಸದುರ್ಗಕ್ಕೆ ವರ್ಗವಾದದ್ದು 1996ರಲ್ಲಿ. ಅಲ್ಲಿ ನಮಗೆ ಬಯಲು ಕೊಟ್ಟದ್ದು ಬರಗಾಲ. 2001ರಿಂದ ಸತತವಾಗಿ ಮೂರು ವರ್ಷ ಕರ್ನಾಟಕದಲ್ಲಿ ಮಳೆ ಕೈಕೊಟ್ಟದ್ದು ನಿಮಗೆ ನೆನಪಿರಬಹುದು. ಪಟ್ಟಣದ ಹೊರಗಿನ ಕೆರೆಯೊಂದು ಪೂರ್ತಿ ಬತ್ತಿ, ಅದರ ಅಂಗಳ ಮೊದಲು ಬಿರುಕು ಬಿಟ್ಟು, ಆಮೇಲೆ ದನಗಳ ಗೊರಸಿಗೆ ಪುಡಿಯಾಗಿ, ಕೊನೆಗೆ ಸಗಣಿ ಸಾರಿಸಿದ ಕಣದಂತೆ ಸಮತಟ್ಟಾಯಿತು. ವಿದ್ಯುತ್ ತಂತಿಯಿಲ್ಲ, ಮನೆಯಿಲ್ಲ, ಅಂಚಿನಲ್ಲಿ ಬಳ್ಳಾರಿ ಜಾಲಿ ಮಾತ್ರ. ಅಂತಹ ನೆಲ ಜಕ್ಕೂರಿನಲ್ಲಿಯೂ ಇರಲಿಲ್ಲ. ಅಲ್ಲಿ ಹಾರಿಸುತ್ತ ನಾವು ನಗುತ್ತಿದ್ದಾಗ ಏರಿಯ ಮೇಲೆ ಕುಳಿತ ಮುದುಕರು ನಮ್ಮನ್ನು ನೋಡದೆ ಬರಿಯ ಕೆರೆಯಂಗಳವನ್ನೇ ನೋಡುತ್ತಿದ್ದರು. ಅದು ನನ್ನ ಕಣ್ಣಿಗೆ ಬೀಳದಿರಲಿಲ್ಲ. ಹಾರಿಸುತ್ತಿದ್ದ ಹುಡುಗರ ಮನೆಗಳ ತೆಂಗಿನ ಮರಗಳೇ ಸುಳಿ ಒಣಗಿ ನಿಂತಿದ್ದವು.

ಕಾಳಗಕ್ಕೆ ಎರಡು ಎಂಜಿನ್ ಬೇಕು. ಇನ್ನೊಂದನ್ನು ಮೈಸೂರಿನ ಆ ಗೆಳೆಯ ಕಳುಹಿಸಿಕೊಟ್ಟ. ಬಾಲ್ಸಾ ನಮ್ಮ ಕೈಗೆಟುಕುವ ಮಾತಾಗಿರಲಿಲ್ಲ. ಟಿ.ವಿ. ಪೆಟ್ಟಿಗೆಯ ಥರ್ಮೋಕೋಲ್, ಸೀಳಿದ ಬಿದಿರು, ಕಂದು ಕಾಗದ, ಹಾಲಿನ ಪುಡಿಯ ಡಬ್ಬಿಯ ತಗಡಿನಿಂದ ಬೆಸೆದ ಟ್ಯಾಂಕು, ಇವಿಷ್ಟೇ ನಮ್ಮ ಸಾಮಗ್ರಿ. ವಿಶ್ವ ಸ್ಪರ್ಧೆಗಳ ಕಾಳಗದ ವಿಮಾನಗಳಲ್ಲಿಯೂ ರೆಕ್ಕೆಯ ಮುಂಬದಿಗೆ ಅದೇ ಬಗೆಯ ನೊರೆಯ ವಸ್ತುವನ್ನು ಬಳಸುತ್ತಾರೆಂಬುದನ್ನು ಬಹಳ ವರ್ಷಗಳ ಮೇಲೆ ಓದಿ ತಿಳಿದಾಗ ನಮ್ಮ ಹುಡುಗರ ಬಗ್ಗೆ ಹೆಮ್ಮೆಯೆನಿಸಿತು. ಹರಳೆಣ್ಣೆಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಈಥರ್ ಮಾತ್ರ ದಾವಣಗೆರೆಯಿಂದ ಬರಬೇಕಿತ್ತು. ದಾವಣಗೆರೆ 1997ರಲ್ಲಿ ಬೇರೆ ಜಿಲ್ಲೆಯಾದರೂ ನಮಗೆ ಪೇಟೆಯೆಂದರೆ ಅದೇ. ಬೆರೆಸುವ ಕೆಲಸವನ್ನು ನಾನೊಬ್ಬನೇ ಮಾಡುತ್ತಿದ್ದೆ, ಆ ಬಾಟಲಿಯನ್ನು ಮುಟ್ಟಿದವನಿಗೆ ಒಂದು ತಿಂಗಳು ಬಹಿಷ್ಕಾರ.

ಆ ಗುಂಪಿನಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನಿದ್ದ. ಹೆಸರು ಬರೆಯುವುದಿಲ್ಲ, ಅವನ ಸಹಪಾಠಿಗಳಿಗೆ ತಿಳಿಯುತ್ತದೆ. ಗಣಿತದಲ್ಲಿ ಅವನಿಗೆ ಇಪ್ಪತ್ತು ದಾಟಿದ ನೆನಪು ನನಗಿಲ್ಲ. ಎರಡು ಪೈ ಆರ್ ಎಂಬುದನ್ನು ಅವನು ಕೊನೆಯವರೆಗೂ ಪಾರ್ವತಿ ಪರಮೇಶ್ವರರ ಹೆಸರಿನಂತೆ ಭಕ್ತಿಯಿಂದ ಉಚ್ಚರಿಸಿದನೇ ಹೊರತು ಬಳಸಲಿಲ್ಲ. ಆದರೆ ಹಿಡಿಯನ್ನು ಅವನ ಕೈಗೆ ಕೊಟ್ಟ ಮೂರನೆಯ ದಿನ ಅವನು ವಿಮಾನವನ್ನು ತಲೆಕೆಳಗಾಗಿ ಸುತ್ತು ಹಾಕಿಸಿದ. ತಲೆಕೆಳಗಾದಾಗ ಮೇಲಿನದು ಕೆಳಗು, ಕೆಳಗಿನದು ಮೇಲು. ನಾನು ಇದನ್ನು ಕಲಿಯಲು ಒಂದು ವರ್ಷ ತೆಗೆದುಕೊಂಡಿದ್ದೆ, ಎರಡು ವಿಮಾನಗಳ ಆಹುತಿಯೂ ಆಗಿತ್ತು. ಹೇಗೆ ಮಾಡಿದೆಯೋ ಎಂದು ಕೇಳಿದರೆ "ಅದು ಎಳೀತದಲ್ಲ ಸಾರ್, ಎಳೆದ ಕಡೆ ಬಿಡೋದು" ಎಂದ. ಎಂಜಿನ್ನಿನ ಸದ್ದು ಕೇಳಿಯೇ ತಿರುಪು ಅರ್ಧ ಸುತ್ತು ಹೆಚ್ಚಾಗಿದೆ ಎನ್ನುತ್ತಿದ್ದ, ಅದು ಹೆಚ್ಚಾಗಿಯೇ ಇರುತ್ತಿತ್ತು.

2003ರ ನವೆಂಬರಿನ ಒಂದು ಭಾನುವಾರ ನಮ್ಮಲ್ಲೇ ಒಂದು ಪಂದ್ಯ ಏರ್ಪಡಿಸಿದೆವು. ಎಂಟು ಹುಡುಗರು, ಬಹುಮಾನ ಒಂದು ಜಾಮಿಟ್ರಿ ಪೆಟ್ಟಿಗೆ. ಕೊನೆಯ ಸುತ್ತಿಗೆ ಬಂದವರು ಇವನು ಮತ್ತು ತರಗತಿಗೆ ಮೊದಲಿಗನಾಗಿದ್ದ ಇನ್ನೊಬ್ಬ ಹುಡುಗ. ಆ ಇಬ್ಬರ ಮನೆಯವರಿಗೆ ಕೊಳವೆಬಾವಿಯೊಂದರ ವಿಷಯದಲ್ಲಿ ಮಾತಿರಲಿಲ್ಲ. ಬರದಲ್ಲಿ ನೀರಿನ ಜಗಳಕ್ಕಿಂತ ಕಹಿಯಾದುದಿಲ್ಲ. ಇಬ್ಬರನ್ನೂ ಒಂದೇ ವೃತ್ತದಲ್ಲಿ ನಿಲ್ಲಿಸಬೇಡಿ ಎಂದು ನನ್ನ ಸಹೋದ್ಯೋಗಿಯೊಬ್ಬರು ಹಿಂದಿನ ದಿನ ಎಚ್ಚರಿಸಿದ್ದರು. ನಿಲ್ಲಿಸಿದೆ. ಮೊದಲ ನಿಮಿಷ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಕೊಟ್ಟಂತೆ, ಆದಷ್ಟು ದೂರ ದೂರ ಹಾರಿಸಿದರು. ಆಮೇಲೆ ಮೊದಲಿಗ ಹುಡುಗ ಲೆಕ್ಕಾಚಾರದಿಂದ ಎತ್ತರಕ್ಕೇರಿಸಿ ಇವನ ಬಾಲಂಗೋಚಿಯ ತುದಿಯನ್ನು ಕತ್ತರಿಸಿದ. ಕೆಂಪು ಕಾಗದದ ತುಂಡು ತಿರುಗುತ್ತ ಇಳಿಯಿತು. ಅಲ್ಲಿಂದ ಮುಂದೆ ನೋಡಬೇಕಿತ್ತು! ಇವನು ನೆಲದಿಂದ ಮೊಣಕಾಲೆತ್ತರದಲ್ಲಿ ಒಂದು ಸುತ್ತು ಬಂದು, ಅವನ ತೋಳಿನಡಿ ನುಸುಳಿ, ಕೆಳಗಿನಿಂದ ಮೇಲಕ್ಕೆ ಎದ್ದು ಒಂದು, ತಿರುಗಿ ಇಳಿಯುವಾಗ ಇನ್ನೊಂದು, ಹೀಗೆ ಅರ್ಧ ನಿಮಿಷದಲ್ಲಿ ಎರಡು ಕತ್ತರಿಕೆ. ಮೂರನೆಯದಕ್ಕೆ ಹೋದಾಗ ತಂತಿಗಳು ಹೆಣೆದುಕೊಂಡವು. ನಾನು ಉಸಿರು ಹಿಡಿದೆ. "ಈ ಕಡೆಯಿಂದ ಬಾರೋ" ಎಂದ ಇವನು. ಅವನು ಬಂದ. ಹಿಡಿಗಳನ್ನು ಎತ್ತಿ ಹಿಡಿದು, ಕೋಲಾಟದವರಂತೆ ಒಬ್ಬರನ್ನೊಬ್ಬರು ಎರಡು ಸಲ ಸುತ್ತಿ ತಂತಿ ಬಿಡಿಸಿಕೊಂಡರು. ಎಂಜಿನುಗಳು ನಿಲ್ಲಲಿಲ್ಲ. ಏರಿಯ ಮೇಲಿದ್ದ ಮುದುಕರು ಅಂದು ಎದ್ದು ನಿಂತು ನೋಡಿದರು. ಕೊಳವೆಬಾವಿಯ ಜಗಳ ಅದರಿಂದೇನೂ ಮುಗಿಯಲಿಲ್ಲ, ಅದು ಇನ್ನೂ ಮೂರು ವರ್ಷ ನಡೆಯಿತು.

ಜಾಮಿಟ್ರಿ ಪೆಟ್ಟಿಗೆ ಗೆದ್ದ ಹುಡುಗ ಜನವರಿಯಲ್ಲಿ ಶಾಲೆಗೆ ಬರುವುದನ್ನು ನಿಲ್ಲಿಸಿದ. ಮನೆಯವರೆಲ್ಲ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಕೂಲಿಗೆ ಹೊರಟಿದ್ದರು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮೂರು ತಿಂಗಳೂ ಇರಲಿಲ್ಲ. ನಾನು ಅವನ ಮನೆಗೆ ಹೋದೆ. ಮಾರ್ಚ್ ಮುಗಿಯುವವರೆಗೆ ಹುಡುಗನನ್ನು ನಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ, ಊಟದ ಚಿಂತೆ ಬೇಡ ಎಂದೆ. ಅವನ ತಂದೆ ನನಗೆ ನೀರು ಕೊಟ್ಟು, ಬಹಳ ಹೊತ್ತು ಸುಮ್ಮನಿದ್ದು, "ಇವನೊಬ್ಬನ ಊಟ ನೀವು ಹಾಕ್ತೀರಿ ಮೇಷ್ಟ್ರೇ, ಇವನು ದುಡಿದು ಹಾಕೋ ನಾಲ್ಕು ಜನರ ಊಟ?" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಬರಿಯ ಲೆಕ್ಕವಿತ್ತು. ಗಣಿತದ ಮೇಷ್ಟರಾದ ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಹುಡುಗ ಒಳಗಿನಿಂದ ಬಂದು ಹಿಡಿಯನ್ನು ನನಗೆ ಹಿಂದಿರುಗಿಸಿದ. ತಂತಿಯನ್ನು ಎಣ್ಣೆ ಸವರಿ, ಒಂದು ಗಂಟೂ ಇಲ್ಲದಂತೆ ಸುತ್ತಿ ಇಟ್ಟಿದ್ದ. ಮಾರ್ಚಿನಲ್ಲಿ ಅವನು ಪರೀಕ್ಷೆಗೆ ಬಂದ, ಐದು ವಿಷಯಗಳಲ್ಲಿ ತೇರ್ಗಡೆಯಾದ. ಆರನೆಯದು ನನ್ನ ವಿಷಯ.

2008ರಲ್ಲಿ ನನಗೆ ಹಿರಿಯೂರಿಗೆ ವರ್ಗವಾಯಿತು. ಒಂದು ಸಂಜೆ ಹೆದ್ದಾರಿಯ ಬದಿಯಲ್ಲಿ ನನ್ನ ಸ್ಕೂಟರ್ ಕೆಟ್ಟು ನಿಂತಾಗ ಹತ್ತಿರದ ಗ್ಯಾರೇಜಿನಿಂದ ಎಣ್ಣೆ ಮೆತ್ತಿದ ಕೈಯ ಯುವಕನೊಬ್ಬ ಬಂದು ಎಂಜಿನ್ನಿನ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಕಿಕ್ ಹೊಡೆಯಿರಿ ಎಂದ. ಆಮೇಲೆ ತಲೆಯೆತ್ತಿ ನೋಡಿ ಕಾಲಿಗೆ ಬಿದ್ದ. ಗ್ಯಾರೇಜು ಅವನದೇ. ಪಂಪುಸೆಟ್ಟು, ಟಿಲ್ಲರ್, ಟ್ರಾಕ್ಟರ್ ಎಲ್ಲವನ್ನೂ ನೋಡುತ್ತಿದ್ದ. ಗಣಿತದ ಪರೀಕ್ಷೆಯನ್ನು ಮತ್ತೆ ಕಟ್ಟಲಿಲ್ಲವಂತೆ. ಕಟ್ಟು ಎಂದು ನಾನೂ ಹೇಳಲಿಲ್ಲ. ಅವನ ಎದುರಾಳಿ ಬೆಂಗಳೂರಿನಲ್ಲಿ ಎಂಜಿನಿಯರ್, ಊರಿಗೆ ಬಂದಾಗ ಕಾರನ್ನು ಇವನಲ್ಲಿಯೇ ಬಿಡುತ್ತಾನೆ.

ನಿವೃತ್ತನಾದ ಮೇಲೆ ನಾನು ಚಿತ್ರದುರ್ಗದಲ್ಲಿ ನೆಲೆಸಿದೆ. ಅಷ್ಟರಲ್ಲಿ ನಮ್ಮ ಜಿಲ್ಲೆಯ ಆಕಾಶವೇ ಬದಲಾಗಿತ್ತು. ಚಳ್ಳಕೆರೆಯ ಬಳಿ 2017ರಲ್ಲಿ ಡಿ.ಆರ್.ಡಿ.ಒ.ದ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯಿರುವ ತಮ್ಮ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೊಯ್ದು ಬಿಟ್ಟಾಗ ಅದು ತಾನೇ ದಾರಿ ಹುಡುಕಿಕೊಂಡು ಅಲ್ಲಿನ ರನ್‌ವೇಯ ಮೇಲೆ ಇಳಿಯಿತು. ಒಳಗೆ ಚಾಲಕನಿಲ್ಲ, ನೆಲದಲ್ಲಿ ಹಿಡಿ ಹಿಡಿದವರೂ ಇಲ್ಲ. ಅದೇ ವರ್ಷ ಆಗಸ್ಟ್ 20ರಂದು 'ತಪಸ್' ಎಂಬ ಮಾನವರಹಿತ ವಿಮಾನ ಪರೀಕ್ಷಾ ಹಾರಾಟದಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲವೊಂದರಲ್ಲಿ ಬಿತ್ತು. ಯಾರಿಗೂ ಅಪಾಯವಾಗಲಿಲ್ಲ. ಬಿದ್ದುದನ್ನು ನೋಡಿಬಂದವರ ಗುಂಪಿನಲ್ಲಿ ನಮ್ಮ ಗ್ಯಾರೇಜಿನವನೂ ಇದ್ದ. ಆ ಸಂಜೆ ಫೋನು ಮಾಡಿ, "ಎಷ್ಟು ದೊಡ್ಡದು ಗೊತ್ತಾ ಸಾರ್! ಪಾಪ, ಅದಕ್ಕೆ ತಂತಿ ಇರಲಿಲ್ಲ" ಎಂದ. ಇಂತಹ ಯಂತ್ರಗಳು ಬೀಳುತ್ತಲೇ ಏಳಬೇಕಾದವು, ನಾವೂ ಎಷ್ಟು ಬೀಳಿಸಿಲ್ಲ ಎಂದೆ. "ನಾನು ಎರಡೇ ಸಾರ್" ಎಂದ.

ಮುಂದಿನ ವಾರ ಮನೆಗೆ ಬಂದು ಎರಡು ಅರೋರಾಗಳನ್ನೂ ಕೇಳಿ ತೆಗೆದುಕೊಂಡು ಹೋದ. ಹರಳೆಣ್ಣೆ ಇಪ್ಪತ್ತು ವರ್ಷಗಳಲ್ಲಿ ಅರಗಿನಂತೆ ಗಟ್ಟಿಯಾಗಿ ಪಿಸ್ಟನ್ ಅಲುಗಾಡದಂತೆ ಹಿಡಿದುಬಿಟ್ಟಿತ್ತು. ಬಲವಂತ ಮಾಡಿದರೆ ಮುರಿಯುತ್ತದೆ, ಹದವಾಗಿ ಬಿಸಿ ಮಾಡಬೇಕು ಎಂದು ಹೇಳಹೊರಟ ನನ್ನನ್ನು ತಡೆದು, "ಗೊತ್ತು ಸಾರ್" ಎಂದ. ಎರಡು ದಿನಗಳಾದ ಮೇಲೆ ಫೋನಿನಲ್ಲಿ ಏನನ್ನೂ ಮಾತಾಡದೆ ಪ್ರೊಪೆಲ್ಲರ್ ತಿರುಗಿಸಿ ಟಪ್ ಟಪ್ ಎಂಬ ಸದ್ದನ್ನು ಕೇಳಿಸಿದ. ಕಂಪ್ರೆಶನ್ ಚೆನ್ನಾಗಿಯೇ ಇದೆ. ಆದರೆ ಹಾರಿಸುವುದೆಲ್ಲಿ? 2022ರಲ್ಲಿ ಎಂಬತ್ತೊಂಬತ್ತು ವರ್ಷಗಳ ಮೇಲೆ ವಾಣಿ ವಿಲಾಸ ಸಾಗರ ಕೋಡಿ ಬಿದ್ದಾಗ ನಮ್ಮ ಹೊಸದುರ್ಗದ ಆ ಕೆರೆಯೂ ತುಂಬಿತು, ನಾವು ಸುತ್ತುತ್ತಿದ್ದ ಜಾಗದಲ್ಲಿ ಎರಡಾಳು ನೀರಿದೆ ಎಂದ. ಹೇಳುವಾಗ ಅವನ ದನಿಯಲ್ಲಿ ಬೇಸರವೇನೂ ಇರಲಿಲ್ಲ. ಅವನ ಮಗಳು ಈಗ ಎಂಟನೆಯ ತರಗತಿ. ಹಿರಿಯೂರಿನ ಹೊರಗೆ, ವಿದ್ಯುತ್ ತಂತಿಯಿಲ್ಲದ ಒಂದು ಖಾಲಿ ಹೊಲವನ್ನು ಅಪ್ಪ ಮಗಳು ಹುಡುಕುತ್ತಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಅಂತಹುದೊಂದು ಗೊತ್ತಿದ್ದರೆ ನನಗೆ ತಿಳಿಸಿ. ಈಥರನ್ನು ಬೆರೆಸುವ ಕೆಲಸ ಮಾತ್ರ ಈಗಲೂ ನನ್ನದೇ.